ಗಂಜಿ ಹಾಕಿದ ಚಡ್ಡಿ

ಹದಿನೇಳನೇ ತಾರೀಖು, ಮಂಗಳವಾರ
ಲಾಂಡ್ರಿಯ ಇಸ್ತ್ರಿ ಮೇಜಿನಿಂದ

ಪ್ರೀತಿಯ ಚಿಗರೆಗೆ,

ನಿನ್ನ ಸೋದರಮಾವ ಮನಸಾರೆ ಮಾಡುವ ಆಶೀರ್ವಾದ. ಮೊದಲು ಎದ್ದು ನಿಂತುಕೋ. ಯಾಕೆಂದರೆ ಈ ಪತ್ರ ಬರೆಯುತ್ತಿರುವವನು ಈ ಭೂಮಿಯ ಮೇಲೆ ಇದುವರೆಗೆ ಹುಟ್ಟಿದ ಅರವತ್ತು ದಾಟಿದ ಗಂಡಸರಲ್ಲೆಲ್ಲ ಅತಿ ವೇಗದ ಓಟಗಾರ. ಮೊನ್ನೆ ಓಡುವಾಗ ಗಾಳಿಯೇ ಹಿಂದಿನಿಂದ, "ಸ್ವಲ್ಪ ನಿಲ್ಲಪ್ಪಾ, ಉಸಿರು ತಗೋತೀನಿ" ಅಂದದ್ದನ್ನು ಇಬ್ಬರು ಪೊಲೀಸರು ಕಿವಿಯಾರೆ ಕೇಳಿದ್ದಾರೆ. ನಂಬಿಕೆ ಬರದಿದ್ದರೆ ಅವರನ್ನೇ ಹುಡುಕಿ ಕೇಳು.

ನಿನ್ನ ಕಾರ್ಡು ಬಂದು ಹತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು. ಈ ಒಂಬತ್ತು ವರ್ಷ ನೀನು ಬರೆದದ್ದರಲ್ಲೆಲ್ಲ ಆರೋಗ್ಯ, ಮಳೆ, ಬಾಡಿಗೆ ಮನೆಯ ನಲ್ಲಿ, ಇಷ್ಟೇ. ಓಟ ಎಂಬ ಎರಡಕ್ಷರ ಎಲ್ಲೂ ಇರಲಿಲ್ಲ. ಈ ಸಲ ಬರೆದದ್ದೇ ಒಂದು ಸಾಲು: "ಮಾಮ, ಅತ್ತೆ ಹೇಳಿದ್ರು. ಟೈಮ್ ಎಷ್ಟು ಬಂತು?" ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಡಾಯಿ ಶುರು ಮಾಡಿದರೆ ಸಾಕು, ನಿನ್ನ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಕಾಗದವನ್ನು ಹಾಗೆ ನಡುವೆ ಇಟ್ಟುಬಿಡಲಾಗುವುದಿಲ್ಲ. ತಡವಾದದ್ದಕ್ಕೆ ಕಾರಣ: ನಾನು ಕೂರಲಾರೆ. ಈಗಲೂ ನಿಂತೇ ಬರೆಯುತ್ತಿದ್ದೇನೆ. ಯಾಕೆ ಅನ್ನುವುದು ಮುಂದೆ ತಾನಾಗಿ ಬರುತ್ತದೆ, ನಗುವುದಿದ್ದರೆ ಅಲ್ಲಿ ನಗು. ಅಕ್ಷರ ಡೊಂಕಾಗಿದ್ದರೆ ನನ್ನನ್ನಲ್ಲ, ಏಳು ಕ್ಲಾಸಿಗೆ ಒಬ್ಬರೇ ಇದ್ದ ನಮ್ಮ ಹಳ್ಳಿಯ ಮೇಷ್ಟ್ರನ್ನು ಬಯ್ಯಿ.

ವಿಷಯಕ್ಕೆ ಬರುತ್ತೇನೆ. ನಾನು ಕಣ್ಣಿಟ್ಟಿರುವ ಒಂದು ದೊಡ್ಡ ಓಟವಿದೆ, ಅದಕ್ಕೆ ಕೇಳಿದವರನ್ನೆಲ್ಲ ಸೇರಿಸಿಕೊಳ್ಳುವುದಿಲ್ಲ. ಅರವತ್ತು ದಾಟಿದ ಗಂಡಸು ಮೊದಲು ಬೇರೊಂದು ಮ್ಯಾರಥಾನ್, ಅಂದರೆ ನಲವತ್ತೆರಡು ಕಿಲೋಮೀಟರ್ ಚಿಲ್ಲರೆ, ನಾಲ್ಕು ಗಂಟೆಯೊಳಗೆ ಓಡಿ ತೋರಿಸಬೇಕು. ನಾಲ್ಕರ ಮೇಲೆ ಒಂದು ಸೆಕೆಂಡ್ ಆದರೂ ಬಾಗಿಲು ಮುಚ್ಚಿತು. ಆ ಬಾಗಿಲಿಗಾಗಿ ನಾನು ಎರಡು ವರ್ಷ, ದಿನಾ ಬೆಳಿಗ್ಗೆ ಲಾಂಡ್ರಿಯ ಶಟರ್ ಎತ್ತುವ ಮೊದಲು ಓಡಿದ್ದೇನೆ. ಪಕ್ಕದ ಕ್ಷೌರದಂಗಡಿಯ ಗೆಳೆಯ, ನಿನಗೆ ಗೊತ್ತಲ್ಲ, ನಮ್ಮ ಕತ್ತರಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಏಳನೇ ಕ್ಲಾಸಿಗೆ ಮೂರು ವರ್ಷ ಮಣ್ಣು ಹೊತ್ತೋನು ನೀನು. ಈ ವಯಸ್ಸಲ್ಲಿ ಇದ್ಯಾವ ಪರೀಕ್ಷೆ ಕಟ್ತೀಯೋ?"

"ಅಲ್ಲಿ ಕೂತ್ಕೊಂಡು ಬರೀಬೇಕಿತ್ತು, ಅದಕ್ಕೇ ಫೇಲಾದೆ. ಇದು ಕಾಲಲ್ಲಿ ಬರೆಯೋ ಪರೀಕ್ಷೆ" ಅಂದೆ. ನಲವತ್ತು ವರ್ಷ ನಿಂತು ಇಸ್ತ್ರಿ ತಳ್ಳಿದ ಕಾಲು ಇದು, ಸುಮ್ಮನೆಯೇ?

ಇನ್ನೊಂದು ಕಾರಣವೂ ಇತ್ತು. ಅದು ನೀನು.

ಒಂಬತ್ತು ವರ್ಷದ ಹಿಂದೆ, ಹದಿನಾರರ ನೀನು ನಮ್ಮ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದೆ. ಜಿಲ್ಲಾ ತಂಡದ ಆ ಹತ್ತು ಕಿಲೋಮೀಟರ್ ಆಯ್ಕೆ ಓಟಕ್ಕೆ ನಿನ್ನ ಕೋಚು, ಮ್ಯಾನೇಜರು, ಲಾಂಡ್ರಿ ಎಲ್ಲ ನಾನೇ. ನನ್ನ ಅಕ್ಕನ ಮಗಳು ಹತ್ತರಲ್ಲಿ ಹನ್ನೊಂದನೆಯವಳಾಗಿ ನಿಲ್ಲಬಾರದು ಎಂದು ನಿನ್ನ ಚಡ್ಡಿಗೆ ದಪ್ಪನೆಯ ಗಂಜಿ ಹಾಕಿ, ಗೆರೆ ಕತ್ತಿಯ ಹಾಗೆ ನಿಲ್ಲುವಂತೆ ಇಸ್ತ್ರಿ ಹೊಡೆದೆ. ಸಾಲಿನಲ್ಲಿ ನಿಂತ ಅಷ್ಟೂ ಹುಡುಗಿಯರ ನಡುವೆ ನೀನು ಗಾಜಿನ ಕಪಾಟಿನ ಗೊಂಬೆಯ ಹಾಗೆ ಕಂಡೆ. ನಾಲ್ಕು ಸೆಕೆಂಡಿಗೆ ಆಯ್ಕೆ ತಪ್ಪಿತು. "ಚಡ್ಡಿ ಕೊಯ್ತಿತ್ತು ಮಾಮ" ಅಂದೆ. ನಾನು ನಿನ್ನ ಜೊತೆಗಾರ್ತಿಯರ ಎದುರಿಗೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಅಂದುಬಿಟ್ಟೆ. ಮಾರನೆಯ ದಿನ ನಿನ್ನ ಶೂ ಕಸದ ಡಬ್ಬಿಯಲ್ಲಿತ್ತು. ಅಂದಿನಿಂದ ಈ ಮನೆಯಲ್ಲಿ ಗಂಜಿಯದೇ ವ್ಯಾಜ್ಯ. ನಿನ್ನ ಅತ್ತೆ ನಿನ್ನ ಕಡೆ. ನಾನು ಗಂಜಿಯ ಕಡೆ.

ಹಾಗಾಗಿ ಓಟದ ಹಿಂದಿನ ದಿನ ನನ್ನ ಚಡ್ಡಿಗೂ ಅದೇ ಗಂಜಿ, ಅದೇ ದಪ್ಪ, ಅದೇ ಗೆರೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬೇಡಾರೀ. ಆ ಹುಡುಗಿ ಅವತ್ತೇ ಬಾಯಿ ಬಿಟ್ಟು ಹೇಳಿದ್ಲು."

"ಅದಕ್ಕೇ ಹಾಕ್ತಿರೋದು ಕಣೇ. ಇದನ್ನೇ ಹಾಕ್ಕೊಂಡು ನಾಲ್ಕು ಗಂಟೆಯೊಳಗೆ ಬರ್ತೀನಿ. ಆಮೇಲೆ ಅತ್ತೆ ಸೊಸೆ ಇಬ್ರೂ ಗಂಜಿ ವಿಷಯ ಎತ್ತಬಾರದು."

"ಓಡೋದು ತೊಡೆ. ಮೀಸೆ ಅಲ್ಲ" ಅಂದು ಒಳಗೆ ಹೋದಳು.

ಹೊರಡುವ ಜಾಗದಲ್ಲಿ ಬೆನ್ನಿಗೆ ಪುಟ್ಟ ಬಾವುಟ ಕಟ್ಟಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. ಬಾವುಟದ ಮೇಲೆ "ನಾಲ್ಕು ಗಂಟೆ" ಎಂದು ಬರೆದಿತ್ತು. ಅವಳನ್ನು ಬಿಡದೆ ಓಡಿದವರು ನಾಲ್ಕು ಗಂಟೆಗೆ ಸರಿಯಾಗಿ ಮುಟ್ಟುತ್ತಾರೆ, ಅವಳ ಕೆಲಸವೇ ಅದು. ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ಓಡಿದೆ. ಸರಿ, ಪಕ್ಕದಲ್ಲೇ ಓಡಿದೆ. ಐದನೇ ಕಿಲೋಮೀಟರಿಗೆ ಅವಳು ಕಿವಿಗೊಟ್ಟು ಕೇಳಿ, "ಯಜಮಾನ್ರೇ, ಅದೇನು ಚರಪರ ಅಂತಿದೆ?" ಅಂದಳು.

"ನನ್ನ ಚಡ್ಡಿ ಕಣಮ್ಮಾ. ನಲವತ್ತು ವರ್ಷದ ಕಸುಬು, ಸುಮ್ನಿರುತ್ತಾ?"

ಪಾಪ, ಅವಳಿಗೆ ನಗು ತಡೆಯಲಾಗದೆ ಹೆಜ್ಜೆ ತಪ್ಪಿತು.

ಇಪ್ಪತ್ತರವರೆಗೆ ನಾನು ರಾಜ. ಇಪ್ಪತ್ತೈದಕ್ಕೆ ಬೆವರಿಳಿದು ಗಂಜಿ ಅಂಟಾಯಿತು. ಮೂವತ್ತಕ್ಕೆ ಅದೇ ಅಂಟು ಒಣಗಿ ಉಪ್ಪುಕಾಗದವಾಯಿತು. ಮರಗೆಲಸದವರು ಹಲಗೆ ಉಜ್ಜುವುದನ್ನು ನೋಡಿದ್ದೀಯಲ್ಲ, ಆ ಹಲಗೆಯೇ ನಾನು. ಆದರೂ ಗಡಿಯಾರದಲ್ಲಿ ಎರಡು ಗಂಟೆ ಐವತ್ತು ನಿಮಿಷ ಅಷ್ಟೇ. ಹಾಗೇ ಹೋಗಿದ್ದರೆ ಬಾಗಿಲು ತೆರೆದಿತ್ತು. ಮೂವತ್ತಮೂರಕ್ಕೆ ಮಾತ್ರ ಓಡಲಾಗಲಿಲ್ಲ. ಕಾಲು ಅಗಲಿಸಿ, ಈಗಷ್ಟೇ ಕುದುರೆ ಇಳಿದವನ ಹಾಗೆ ನಡೆಯತೊಡಗಿದೆ.

"ಬನ್ನಿ ಬನ್ನಿ, ಇನ್ನೊಂಬತ್ತೇ" ಅಂದಳು ಬಾವುಟದವಳು.

"ನೀನು ನಡಿಯಮ್ಮಾ. ನಾನು ಅಂಗಡಿ ಬೋರ್ಡೆಲ್ಲ ಓದ್ಕೊಂಡು ಬರ್ತೀನಿ" ಅಂದೆ. ಬಾವುಟ ತಿರುವಿನಲ್ಲಿ ಮರೆಯಾಯಿತು. ಅಷ್ಟು ಚಿಕ್ಕ ಬಟ್ಟೆ ಹಾಗೆ ದೂರ ಹೋಗುವುದನ್ನು ನಾನು ಯಾವತ್ತೂ ಅಷ್ಟು ಹೊತ್ತು ನೋಡಿರಲಿಲ್ಲ.

ಸೋತವರನ್ನು ತುಂಬಿಕೊಂಡು ಬರುವ ವ್ಯಾನು ಪಕ್ಕಕ್ಕೆ ಬಂತು. ಡ್ರೈವರ್ ತಲೆ ಹೊರಗೆ ಹಾಕಿ, "ಹತ್ಕೊಳ್ಳಿ ತಾತ, ಸೀಟಿದೆ" ಅಂದ.

"ತಾತ ಅಂತ ನಿಮ್ಮಪ್ಪನ್ನ ಕರಿ. ಸೀಟಿದ್ರೆ ಏನು, ಕೂರೋಕಾಗ್ಬೇಕಲ್ಲ!"

ವ್ಯಾನು ಹತ್ತಲಿಲ್ಲ, ಚಿಗರೆ. ಒಂಬತ್ತು ಕಿಲೋಮೀಟರ್ ಒಂದೊಂದು ಹೆಜ್ಜೆಗೂ ಒಬ್ಬೊಬ್ಬ ಪೂರ್ವಿಕನನ್ನು ಕರೆಯುತ್ತ ನಡೆದೆ. ಮೂವತ್ತೆಂಟಕ್ಕೆ ಪೂರ್ವಿಕರು ಮುಗಿದು ನೆರೆಹೊರೆಯವರನ್ನು ಶುರು ಮಾಡಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಕೊನೆಯ ಗೆರೆ ದಾಟಿದಾಗ ನಾಲ್ಕು ಗಂಟೆಯಾಗಿತ್ತು. ಮೇಲೆ ಒಂದಿಷ್ಟು. ಕೂದಲೆಳೆಯಷ್ಟು. (ಹಿಂದೆ ನಿಂತು ಓದುತ್ತಿರುವ ನಿನ್ನ ಅತ್ತೆ ಕೆಮ್ಮಿದಳು.) ಆಯಿತು, ನಾಲ್ಕೈದು ನಿಮಿಷ ಅಂತಿಟ್ಟುಕೋ. (ಮತ್ತೆ ಕೆಮ್ಮಿದಳು. ಬಿಸಿನೀರು ಕುಡಿ ಎಂದು ಒಳಗೆ ಕಳಿಸಿದ್ದೇನೆ.) ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ನನ್ನ ನಡಿಗೆ ನೋಡಿ, "ಮುಂದಿನ ವರ್ಷ ಹಿರಿಯರ ನಡಿಗೆಗೆ ಹೆಸರು ಕೊಡಿ. ಮೂರೇ ಕಿಲೋಮೀಟರ್, ಟೋಪಿ ಫ್ರೀ" ಅಂದ. "ಟೋಪಿ ನೀನೇ ಹಾಕ್ಕೊಳಪ್ಪಾ. ನನ್ನ ಹೆಸರನ್ನ ನಲವತ್ತೆರಡಕ್ಕೇ ಬರ್ಕೋ" ಅಂದೆ. ಮುಲಾಮು ಬರೆದುಕೊಟ್ಟ ಡಾಕ್ಟರದೂ ಅದೇ ರಾಗ: "ಈ ವಯಸ್ಸಿಗೆ ಇದೆಲ್ಲ ಬೇಕಾ?" ಅವರಿಗೂ ಹೇಳಿದೆ: "ವಯಸ್ಸಿಗೆ ಬೇಡ ಡಾಕ್ಟ್ರೇ. ನನಗೆ ಬೇಕು."

ಬರುವ ವರ್ಷ ಮತ್ತೆ ಓಡುತ್ತೇನೆ. ಯಾರಪ್ಪನ ಅಪ್ಪಣೆಯೂ ಬೇಕಾಗಿಲ್ಲ. ಅದೇ ದಿನ ಹತ್ತು ಕಿಲೋಮೀಟರ್ ಓಟವೂ ಇದೆ. ಅದಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ಬೇಡ ಅನ್ನುತ್ತೀಯ. ಟಿಕೆಟ್ ಕೊಡುವ ಕೆಲಸದಲ್ಲಿ ಕೌಂಟರಿನ ಹಿಂದೆ ಕೂತೂ ಕೂತೂ ಚಿಗರೆ ಆಮೆಯಾಗುವುದನ್ನು ನಾನು ನೋಡಲಾರೆ. ಇದರ ಜೊತೆಗಿರುವ ಕಟ್ಟಿನಲ್ಲಿ ಒಂದು ಚಡ್ಡಿ ಇದೆ. ಹನ್ನೆರಡು ಸಲ ಬರೀ ನೀರಿನಲ್ಲಿ ಒಗೆದು ಮೆತ್ತಗೆ ಮಾಡಿದ್ದೇನೆ. ಗಂಜಿಯಿಲ್ಲ. ಇಸ್ತ್ರಿಯೂ ಇಲ್ಲ, ಮುದುರಿಕೊಂಡೇ ಇದೆ. ಇಸ್ತ್ರಿಯಾಗದ ಬಟ್ಟೆ ಈ ಅಂಗಡಿಯ ಹೊಸ್ತಿಲು ದಾಟುತ್ತಿರುವುದು ನಲವತ್ತು ವರ್ಷದಲ್ಲಿ ಇದೇ ಮೊದಲು. ಕತ್ತರಿಗೆ ಹೇಳಬೇಡ, ಮಾನ ಹೋಗುತ್ತದೆ.

ನಿನ್ನ ಕಾಲಿಗೆ ಕಲ್ಲು ತಾಗದಿರಲಿ, ಉಸಿರು ಉದ್ದವಾಗಲಿ, ನೂರು ವರ್ಷ ಓಡು.

ಇಂತಿ ನಿನ್ನ ಮಾಮ,
ಅರವತ್ತು ದಾಟಿದವರ ಚಕ್ರವರ್ತಿ

ತಾ.ಕ.: ಅತ್ತೆ ಒಳಗಿದ್ದಾಳೆ. ಇದನ್ನು ಅವಳೂ ಓದಿಲ್ಲ. ನಿನ್ನ ಆಯ್ಕೆ ಓಟದ ದಿನ ಸಂಜೆ ನಿನ್ನ ಚಡ್ಡಿಯನ್ನು ಒಗೆದವನು ನಾನು. ಎರಡೂ ತೊಡೆಯ ಒಳಗಡೆ, ಹೊಲಿಗೆಯ ಉದ್ದಕ್ಕೂ ರಕ್ತವಿತ್ತು. ರಕ್ತಕ್ಕೆ ಬಿಸಿನೀರು ತಾಗಿಸಿದರೆ ಕಲೆ ಕೂತುಬಿಡುತ್ತದೆ, ತಣ್ಣೀರಿನಲ್ಲೇ ಉಜ್ಜಬೇಕು. ಕಸುಬಿನವನು, ಗೊತ್ತಿತ್ತು. ಅತ್ತೆ ನೋಡುವ ಮೊದಲು ಉಜ್ಜಿ, ಒಣಗಿಸಿ, ಮಡಿಸಿಟ್ಟೆ. ಒಂಬತ್ತು ವರ್ಷ ಗಂಜಿಯ ಪರ ವಾದಿಸಿದವನಿಗೆ ಮೊದಲ ದಿನವೇ ಗೊತ್ತಿತ್ತು. ನಾಲ್ಕು ಗಂಟೆಯೊಳಗೆ ಬಂದುಬಿಟ್ಟರೆ ನಾನು ಕಣ್ಣಾರೆ ಕಂಡದ್ದೂ ಸುಳ್ಳಾಗುತ್ತದೆ ಅಂದುಕೊಂಡಿದ್ದೆ. ನೆಲ ಡೊಂಕೇ ಇತ್ತು, ಮಗಳೇ. ಡೊಂಕು ಮಾಡಿದವನು ನಾನು.

ಟೈಮ್ ಕೇಳಿದ್ದೆಯಲ್ಲ. ನಾಲ್ಕು ಗಂಟೆ, ಐವತ್ತೊಂದು ನಿಮಿಷ, ಎಂಟು ಸೆಕೆಂಡ್. ಅದೇ ಗಂಜಿಯಲ್ಲಿ ಹದಿನಾರರ ನೀನು ಕಳೆದದ್ದು ನಾಲ್ಕು ಸೆಕೆಂಡ್. ನಾನು ಕಳೆದದ್ದು ಐವತ್ತೊಂದು ನಿಮಿಷ ಎಂಟು ಸೆಕೆಂಡ್.