ಸವೆದದ್ದು ರಿಂಗ್, ವಾಲ್ವ್ ಅಲ್ಲ

ತಮ್ಮಾ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಗಿರಣಿಯ ಹಳೇ ಡೀಸೆಲ್ ಇಂಜಿನ್ ಇವತ್ತೂ ಹೊತ್ತಿಕೊಳ್ಳಲಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು.

ಹೊಸ ಮೆಕ್ಯಾನಿಕ್ ಬಂದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ, ಅಳೆದ. ಮೀಟರಿನ ಮುಳ್ಳು ಅರ್ಧಕ್ಕೇ ನಿಂತಿತು. ನಿನ್ನನ್ನು ಮನೆಯಿಂದ ಹೊರಗೆ ಹಾಕಿದಾಗಿನಿಂದ ಎಲ್ಲರಿಗೂ ಹೇಳುತ್ತಿರುವುದನ್ನೇ ಅವನಿಗೂ ಹೇಳಿದೆ: "ನನ್ನ ತಮ್ಮ ರಿಪೇರಿ ಮಾಡ್ತೀನಿ ಅಂತ ವಾಲ್ವ್ ಕೆಡಿಸಿ ಹೋದ."

ಅವನು ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆದ. ಮುಳ್ಳು ಮೇಲೇರಿತು.

"ಎಣ್ಣೆ ಬಿಟ್ರೆ ಏರ್ತಿದೆ ಅಂದ್ರೆ ಸವೆದಿರೋದು ಪಿಸ್ಟನ್ ಸುತ್ತಲಿನ ರಿಂಗ್, ಅಮ್ಮಾ; ಎಣ್ಣೆ ಅದರ ಸಂದು ಮುಚ್ತು. ವಾಲ್ವ್ ಗಟ್ಟಿಯಾಗೇ ಕೂತಿವೆ. ಪಾಪ, ತಮ್ಮನ ಮೇಲ್ಯಾಕೆ ಗೂಬೆ ಕೂರಿಸ್ತೀರಿ? ಅವರನ್ನೇ ಕರೆಸಿ, ರಿಂಗೂ ಹಾಕ್ಲಿ. ಎಲ್ಲಿದ್ದಾರೆ?"

"ಟೀ ಆರ್ತಿದೆ, ಮೊದ್ಲು ಕುಡಿಯಪ್ಪ," ಎಂದೆ.

ಅಕ್ಕ