ಗೇಟಿನ ಬಳಿ ನಿಂತ ಪುಸ್ತಕ

ವೈಪುನ ಕಣಿವೆ
೧೪ ಜೂನ್ ೧೯೯೮

ನನ್ನ ಮೊಮ್ಮಗಳು ಕಹುರಂಗಿಗೆ,

ನಿನ್ನ ಅಜ್ಜಿಯ ಪ್ರೀತಿ, ನಮ್ಮ ಬೆಟ್ಟದ ಮತ್ತು ನದಿಯ ಪ್ರೀತಿ. ನೀನು ವೆಲ್ಲಿಂಗ್ಟನ್‌ಗೆ ಹಿಂತಿರುಗಿ ಮೂರು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ. ತಡವಾದದ್ದು ತಪ್ಪೇ. ಚಳಿಗೆ ಬೆರಳು ಮಡಚಲಾಗಲಿಲ್ಲ ಎಂದು ಹೇಳಬಹುದಿತ್ತು. ಆದರೆ ಅದೇ ಬೆರಳುಗಳಲ್ಲಿ ದಿನವೂ ಗೆಣಸು ಸುಲಿಯುತ್ತಿದ್ದೇನೆ, ಆದ್ದರಿಂದ ಹೇಳುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಸಭಾಮನೆಯ ಅಡುಗೆಕೋಣೆಯ ಮಾಡು ಸೋರುತ್ತಿತ್ತು. ತಾಮತಿ ಹತ್ತಿ ಸರಿಮಾಡಿದ, ಇಳಿಯುವಾಗ ಇನ್ನೊಂದು ತಗಡು ತುಳಿದು ಹೊಸ ತೂತು ಮಾಡಿದ. ಅವನ ಹೆಂಡತಿ, ನಿನ್ನ ಮಕರೇತಾ ಚಿಕ್ಕಮ್ಮ, ನಿನಗೆಂದು ಹಾವುಮೀನು ಹೊಗೆಗಿಟ್ಟು ಕಟ್ಟಿಟ್ಟಿದ್ದಳು. ನೀನು ಊಟ ಮುಟ್ಟದೆ ಹೊರಟೆ. ಕೊನೆಗೆ ಅದನ್ನು ತಾಮತಿ ತಿಂದ. ಚಿಕ್ಕಮ್ಮನಿಗೆ ಇನ್ನೂ ಅದರ ನೋವು.

ನಿನ್ನೆ ಅವಳು ನಿನಗೆ ಫೋನ್ ಮಾಡಿದ್ದಳಲ್ಲ, ಫೋನ್ ಇಟ್ಟು ನೇರ ನನ್ನ ಅಡುಗೆಮನೆಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅತ್ತೆ, ಹುಡುಗಿ ಪ್ರಬಂಧ ಒಪ್ಸಲ್ವಂತೆ. 'ಮನೆಯವ್ರೇ ಒಳಗೆ ಕರೀದಿರೋ ಪುಸ್ತಕಾನ ಯೂನಿವರ್ಸಿಟಿಗೆ ಯಾಕೆ ಕೊಡ್ಲಿ' ಅಂತಾಳೆ. ಎಂ.ಎ.ನೂ ಬೇಡ್ವಂತೆ, ಇತಿಹಾಸಾನೂ ಬೇಡ್ವಂತೆ. ಈ ತಿಂಗಳ ಕೊನೆಗೆ ಗಡುವು. ಈಗ ತೃಪ್ತಿ ಆಯ್ತಾ ನಿಮ್ಗೆ?"

"ಒಲೆ ಹತ್ರ ಕಿರುಚ್ಬೇಡ. ರೊಟ್ಟಿ ಉಬ್ಬಲ್ಲ."

"ಉಬ್ದೇ ಇರ್ಲಿ! ಆವತ್ತು ನಿಮ್ ಗಂಟ್ಲಿಗೆ ಏನಾಗಿತ್ತು? ಬೀಗ ಹಾಕ್ಕೊಂಡಿದ್ರಾ?"

ಹಿಟ್ಟಿನ ಕೈ ತೊಳೆಯಲು ಹೋದೆ.

ಒಪ್ಪಿಸುವ ಮುಂಚೆ ಪ್ರಬಂಧವನ್ನು ಮನೆಯವರಿಗೆ ತೋರಿಸಲು ನೀನು ಬಂದ ಆ ದಿನ ನಿನಗೆ ನೆನಪಿದೆಯೆಂದು ಬಲ್ಲೆ. ನನಗೂ ಇದೆ. ಬೆಳಗಿನಿಂದ ತಾಮತಿ ನೆಲದೊಲೆ ಅಗೆಯುತ್ತ, "ಪ್ರೊಫೆಸರ್‌ಗಳು ನಮ್ ಇತಿಹಾಸ ಜಾಸ್ತಿ ತಿಂತಾರೋ, ನಮ್ ಹಂದಿ ಜಾಸ್ತಿ ತಿಂತಾರೋ ನೋಡೇಬಿಡೋಣ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ನೀವು ಗೇಟಿನ ಹೊರಗೆ ಬಂದು ನಿಂತಿರಿ. ನಿನ್ನ ಮೇಷ್ಟ್ರುಗಳು, ಗೆಳತಿಯರು, ನಡುವೆ ಕಪ್ಪು ಉಡುಪಿನಲ್ಲಿ ನೀನು. ಪ್ರಬಂಧವನ್ನು ಎದೆಗೆ ಅವಚಿ ಹಿಡಿದಿದ್ದೆ, ಹೆತ್ತ ಕೂಸನ್ನು ಮೊದಲ ಸಲ ತವರಿಗೆ ತಂದವಳ ಹಾಗೆ. ಮನೆಯ ಹೆಂಗಸು ರಾಗವೆತ್ತಿ ಹಾಕುವ ಸ್ವಾಗತದ ಕರೆಯಿಲ್ಲದೆ ಗೇಟು ದಾಟಬಾರದೆಂದು ನಿನಗೆ ಕಲಿಸಿದವಳೇ ನಾನು. ನಿನ್ನ ಕಣ್ಣು ನನ್ನ ಮೇಲಿತ್ತು. ನಾನು ಸಭಾಮನೆಯ ಜಗುಲಿಯ ಮುಂದೆ, ನನ್ನ ತಾಯಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಗಾಳಿಗೆ ಧ್ವಜದ ಹಗ್ಗ ಕಂಬಕ್ಕೆ ಬಡಿಯುತ್ತಿತ್ತು. ಯಾರದೋ ಮಗು ಅತ್ತಿತು. ಕೊನೆಗೆ ಮಕರೇತಾ ನನ್ನ ಹಿಂದಿನಿಂದ ಕರೆ ಎತ್ತಿದಳು, ನೀವು ಒಳಗೆ ಬಂದಿರಿ. ಕೆಟ್ಟದಾಗಿ ಕರೆಯಲಿಲ್ಲ. ಆದರೆ ನೀನು ಕಾದಿದ್ದು ನನ್ನ ಕರೆಗೆ, ಅವಳದಕ್ಕಲ್ಲ.

ನೀನು ಪ್ರಬಂಧವನ್ನು ಜಗುಲಿಯ ಚಾಪೆಯ ಮೇಲೆ, ತೀರಿಕೊಂಡವರ ಫೋಟೋಗಳ ಸಾಲಿನಲ್ಲಿಟ್ಟು ನನ್ನ ಬಳಿ ಬಂದೆ. "ಬೇಡ ಅನ್ನೋದಿದ್ರೆ ಮೊದ್ಲೇ ಹೇಳ್ಬೋದಿತ್ತಲ್ಲ ಅಜ್ಜಿ. ಎಲ್ರ ಮುಂದೆ ಗೇಟಲ್ಲಿ ನಿಲ್ಲಿಸ್ಬೇಕಿತ್ತಾ?" ಎಂದೆ. ನಾನು, "ಸ್ವಲ್ಪ ಹೊತ್ತು ನಿಂತ್ರೆ ಕಾಲೇನು ಸವೆಯಲ್ಲ" ಎಂದೆ. ಆ ಮಾತು ಆಡಿದ್ದು ನಾನೇ. ಬೇರೆ ಎಷ್ಟೋ ಮಾತುಗಳು ಬರದೆ ಹೋಗುವಾಗ ಅದೊಂದು ಮಾತ್ರ ಎಷ್ಟು ಸಲೀಸಾಗಿ ಬಂತು.

ಕಣಿವೆಯವರು ಮಾತಾಡಿಕೊಳ್ಳುತ್ತಿರುವುದು ನನಗೂ ಗೊತ್ತು. ನದಿ ಪಕ್ಕದ ಹುಲ್ಲುಗಾವಲನ್ನು ಮಾರಿದ್ದು ನನ್ನ ಅಪ್ಪ ಎಂದು ನೀನು ಬರೆದಿದ್ದೀಯ, ಅದಕ್ಕೇ ಮುದುಕಿಗೆ ಸಿಟ್ಟು, ಅಂತೆ. ಅವರೂ ಕೇಳಲಿ, ನೀನೂ ಕೇಳು: ಅಪ್ಪ ಮಾರಿದ್ದು ನಿಜ. ಸಾಯುವ ಮುಂಚೆ ನನ್ನ ಕೈ ಹಿಡಿದು ಅತ್ತು ಹೇಳಿದ್ದರು. ನೀನು ಅದನ್ನು ಅವರ ಮಾನ ಕಳೆಯುವ ಹಾಗೆ ಬರೆದಿಲ್ಲ. ಆ ವರ್ಷ ಜ್ವರಕ್ಕೆ ಎಷ್ಟು ಮಕ್ಕಳು ಹೋದರೆಂದೂ ಬರೆದಿದ್ದೀಯ. ಅಷ್ಟು ನ್ಯಾಯ ಅವರಿಗೆ ನಾನೂ ಮಾಡಿರಲಿಲ್ಲ.

ನೀನು ಇತಿಹಾಸದ ಎಂ.ಎ. ಮಾಡುತ್ತೇನೆಂದಾಗ ನಾನು ಜಗಳವಾಡಿದ್ದು ಬೇರೆ ವಿಷಯಕ್ಕೆ. "ನಮ್ಮವರ ಹೆಸ್ರು ನಾಲಿಗೆ ಮೇಲಿರ್ಬೇಕು. ಕಪಾಟಲ್ಲಿಟ್ರೆ ಹುಳ ಹಿಡಿಯುತ್ತೆ" ಎಂದಿದ್ದೆ. ನೀನು ನಗುತ್ತ, "ನಾಲಿಗೆಗೂ ವಯಸ್ಸಾಗುತ್ತೆ ಅಜ್ಜಿ" ಎಂದೆ. ಆವತ್ತು ನಿನಗೆ ಚಹಾ ಕೊಡಲಿಲ್ಲ. ನೀನು ರೆಕಾರ್ಡರ್ ಹಿಡಿದು ಬಂದಾಗಲೆಲ್ಲ ನಾನು ತೋಟಕ್ಕೆ ಹೋದೆ. ಕಣಿವೆಯ ಬೇರೆ ಮುದುಕಿಯರೆಲ್ಲ ಹೇಳಿದರು, ಅವರ ಹೆಸರುಗಳು ಪುಸ್ತಕದ ಮೊದಲ ಹಾಳೆಯಲ್ಲಿವೆ. ನನ್ನದು ಅಲ್ಲಿಲ್ಲ. ಇರಬೇಕಾಗಿಯೂ ಇಲ್ಲ.

ಈಗ ನನ್ನ ಆಜ್ಞೆ. ಇದು ಬೇಡಿಕೆಯಲ್ಲ. ಈ ಪತ್ರ ತಲುಪಿದ ದಿನವೇ ಪ್ರಬಂಧ ಒಪ್ಪಿಸು. ಪದವಿ ಕೊಡುವ ದಿನ ನಾವೆಲ್ಲ ಬಸ್ಸು ಮಾಡಿಕೊಂಡು ಬರುತ್ತೇವೆ, ನನ್ನ ತಾಯಿಯ ಗರಿಯ ಮೇಲಂಗಿಯನ್ನು ನಿನ್ನ ಹೆಗಲಿಗೆ ನಾನೇ ಹೊದಿಸುತ್ತೇನೆ. ತಾಮತಿಗೆ ಕೋಟು ಹುಡುಕುವುದಷ್ಟೇ ಕಷ್ಟ. ಆಮೇಲೆ ಒಮ್ಮೆ ಮನೆಗೆ ಬಾ. ಮೇಷ್ಟ್ರುಗಳು ಬೇಡ, ನೀನೊಬ್ಬಳೇ ಬಾ.

ನದಿ ನಿನ್ನ ದಾರಿ ಕಾಯಲಿ. ನಮ್ಮ ಹಿರಿಯರು ನಿನ್ನ ಬೆನ್ನಿಗಿರಲಿ. ಸ್ವೆಟರ್ ಹಾಕಿಕೋ, ಅಲ್ಲಿಯ ಗಾಳಿ ಕೆಟ್ಟದ್ದು.

ನಿನ್ನ ಅಜ್ಜಿ,
ರಿರಿಪೇತಿ

ತಾ.ಕ.: ಇದನ್ನು ಮಕರೇತಾಳಿಗೆ ಹೇಳಬೇಡ. ಆ ದಿನ ನಾನು ಸಿಟ್ಟಿನಿಂದ ಸುಮ್ಮನಿರಲಿಲ್ಲ. ಕರೆ ಎತ್ತುವಾಗ ಮೊದಲು ನಮ್ಮ ಸತ್ತವರನ್ನು ಹೆಸರು ಹಿಡಿದು ಕರೆಯಬೇಕಲ್ಲ, ನನ್ನ ತಾಯಿಯಿಂದ ಶುರುಮಾಡಬೇಕೆಂದು ಉಸಿರು ಎಳೆದೆ. ಅವಳ ಹೆಸರು ಬರಲಿಲ್ಲ. ಮುಖ ಕಾಣುತ್ತಿತ್ತು, ಹೆಸರಿರಲಿಲ್ಲ. ಮುದುಕಿಗೆ ಮರೆವು ಎಂದು ಜನ ಅನ್ನುವುದಕ್ಕಿಂತ ಸಿಟ್ಟು ಎನ್ನಲಿ ಎಂದು ಬಾಯಿ ಮುಚ್ಚಿದೆ.

ನೀನು ಜಗುಲಿಯಲ್ಲಿ ಬಿಟ್ಟುಹೋದ ಪ್ರಬಂಧದ ಪ್ರತಿ ನನ್ನ ಊಟದ ಮೇಜಿನ ಮೇಲಿದೆ. ಅಮೀರಿಯ. ನನ್ನ ತಾಯಿಯ ಹೆಸರು ಅದರಲ್ಲಿ ಸಿಕ್ಕಿತು. ಓದಿ ಬಾಯಿಪಾಠ ಮಾಡುತ್ತೇನೆ, ತೋಟದಿಂದ ಬರುವಷ್ಟರಲ್ಲಿ ಹೋಗಿರುತ್ತದೆ, ಮತ್ತೆ ಓದುತ್ತೇನೆ. ಕರೆಯ ರಾಗ ಮಾತ್ರ ಇನ್ನೂ ಗಂಟಲಲ್ಲಿದೆ. ಅದೂ ಹೋಗುವ ಮುಂಚೆ ಬಾ, ಕಲಿಸುತ್ತೇನೆ. ರೆಕಾರ್ಡರನ್ನೂ ತಾ.

ಮೇಲೆ ಬರೆದ ನಿನ್ನ ಹೆಸರನ್ನು ಪುಸ್ತಕದ ರಟ್ಟು ನೋಡಿ ಬರೆದೆ.