ತಾಯಿ ಸಾಲಿನಲ್ಲಿ ಕಾಡುಗುಲಾಬಿ

ಫೆಬ್ರವರಿ 12, ಬೆಳಿಗ್ಗೆ

ಪೈಪು ಮತ್ತೆ ಸೋರುತ್ತಿದೆ. ಇವರು ಹಳೇ ಸೈಕಲ್ ಟ್ಯೂಬ್ ಸುತ್ತಿ "ರಿಪೇರಿ ಆಯ್ತು" ಅಂದರು. ನನ್ನ ಗಂಡನ ರಿಪೇರಿ ಎಂದರೆ ಇಷ್ಟೇ, ಸೋರುವ ಜಾಗ ಬದಲಾಗುತ್ತದೆ. ಡೇಲಿಯಾ ಕುಂಡಗಳನ್ನು ನರ್ಸರಿ ಗೇಟಿನ ಹತ್ತಿರ ಜೋಡಿಸಿದೆ. ಹೂ ಬಿಟ್ಟವು ಮುಂದೆ, ಮೊಗ್ಗಿನವು ಹಿಂದೆ.

ಆಮೇಲೆ ಯಾರಿಗೂ ಹೇಳದೆ ಆ ಕೆಲಸ. ಹಳದಿ ಗುಲಾಬಿಯ ಅರೆಬಿರಿದ ಹೂಗಳ ಎಸಳು, ಕೇಸರ ನಿನ್ನೆಯೇ ಕಿತ್ತಿದ್ದೆ. ಇವತ್ತು ಕಡುಗೆಂಪು ಗುಲಾಬಿಯ ಪರಾಗವನ್ನು ಬ್ರಷ್ಷಿನಲ್ಲಿ ಸವರಿ, ಕಾಗದದ ಚೀಲ ಕಟ್ಟಿದೆ. ಹದಿನೆಂಟು ವರ್ಷ ಊರವರು ಹುಟ್ಟಿಸಿದ ಗುಲಾಬಿ ಮಾರಿದ್ದಾಯಿತು. ಒಂದು ತಳಿಯಾದರೂ ನನ್ನದೇ ಆಗಬೇಕು. ಆಸೆ ಅಷ್ಟೇ... ಅಲ್ಲ, ಹಠ.

ಫೆಬ್ರವರಿ 13

ಸಿಕ್ಕಿಬಿದ್ದೆ. ಊಟಕ್ಕೆ ಕೂತಾಗ ಮಾವ ತಟ್ಟೆಯಿಂದ ತಲೆ ಎತ್ತದೆ ಕೇಳಿದರು, "ಹಳದಿ ಗಿಡಕ್ಕೆ ಟೋಪಿ ಹಾಕಿದ್ದು ಯಾರು?"

"ನಾನು, ಮಾವ."

"ಯಾಕೆ, ಶೀತ ಆಗಿತ್ತಾ ಅದಕ್ಕೆ?"

ಇವರು ಕಿಸಕ್ಕೆಂದರು. ನಾನು ವಿಷಯ ಹೇಳಿದೆ. ಮಾವ ಆಡಿಕೊಳ್ಳಲಿಲ್ಲ, ಅದೇ ದೊಡ್ಡದು. "ಬೀಜದ ಗುಲಾಬಿ ಏನಾಗುತ್ತೋ ಯಾರಿಗೂ ಗೊತ್ತಿಲ್ಲಮ್ಮ. ಬಹಳಷ್ಟು ಬೇಲಿಗೆ ಹಾಕೋಕೂ ಲಾಯಕ್ಕಿರಲ್ಲ. ಸಸಿ ಇಡೋ ಕೊನೇ ಬೆಂಚು ತಗೋ. ಮುಂದಿನ ಬೇಸಿಗೆ ತನಕ. ಅಷ್ಟರೊಳಗೆ ಹೂ ತೋರಿಸಲಿಲ್ಲ ಅಂದ್ರೆ ಬೆಂಚು ನಂದು."

"ಚೆನ್ನಾಗಿರೋ ಹೂ ಬಂದ್ರೆ? ತಾಯಿ ಸಾಲಿಗೆ ಹಾಕ್ತೀರಾ?"

ಎಲ್ಲರ ಕೈ ನಿಂತಿತು. ನಾವು ಮಾರುವ ಗುಲಾಬಿಗಳೆಲ್ಲ ತಾಯಿ ಸಾಲಿನ ಮಕ್ಕಳು. ಅಲ್ಲಿನ ಗಿಡದಿಂದ ಕಣ್ಣು, ಅಂದರೆ ಎಲೆ ಬುಡದ ಚಿಗುರುಮೊಗ್ಗು, ತೆಗೆದು ಕಾಡುಗುಲಾಬಿಯ ಕಾಂಡಕ್ಕೆ ಕಸಿ ಕಟ್ಟುವುದು ಮಾವ. ಆ ಸಾಲಿಗೆ ಯಾವುದು ಬರಬೇಕು ಅನ್ನುವುದೂ ಮಾವನದೇ ಮಾತು. ಅವರ ಸ್ವಂತ ತಮ್ಮ ತಂದ ಗಿಡವನ್ನೇ ಗೇಟಿನಿಂದ ವಾಪಸ್ ಕಳಿಸಿದವರು.

"ಮೊದಲು ಕಾಯಿ ಕಟ್ಟಲಿ," ಅಂದರು.

ಏಪ್ರಿಲ್ 21

ಬಿಸಿಲು ಬೆಂಕಿ. ನೆರಳು ಬಲೆ ಎರಡು ಪದರ ಮಾಡಿದೆವು. ದಿನಕ್ಕೆ ಮೂರು ಸಲ ನೀರು, ಆದರೂ ಜರೀಗಿಡಗಳು ಮುಖ ಗಂಟಿಕ್ಕಿಕೊಂಡಿವೆ. ಪರಾಗ ಸವರಿದ ಹೂಗಳಲ್ಲಿ ಬಹುಪಾಲು ಉದುರಿದವು. ಒಂದೇ ಕಾಯಿ ನಿಂತಿದೆ. ಗೋಲಿಯಷ್ಟಿದೆ, ಹಸಿರು, ಗಟ್ಟಿ. ದಿನಾ ಮುಟ್ಟಿ ನೋಡುತ್ತೇನೆ. ಮುಟ್ಟಬಾರದು, ಗೊತ್ತು.

ಜೂನ್ 28, ಮಧ್ಯಾಹ್ನ

ಮೂರು ದಿನದಿಂದ ಮಳೆ. ಕಡ್ಡಿ ನೆಡುವ ಕಾಲ. ಬೆರಳ ಸಂದಿಯಲ್ಲೆಲ್ಲ ಮಣ್ಣು. ಅತ್ತೆ, ನಾನು ಎದುರುಬದುರು ಕೂತು ದಾಸವಾಳದ ಕಡ್ಡಿ ಕತ್ತರಿಸಿದೆವು. ಅತ್ತೆ ಕೈ ಓಡಿದಷ್ಟು ನನ್ನ ಕೈ ಓಡುವುದಿಲ್ಲ, ಬಾಯಿ ಮಾತ್ರ ಸರಿಸಮ.

ತಾಯಿ ಸಾಲಿನಲ್ಲಿ ಗುಲಾಬಿ ಬಣ್ಣದ ಹಳೇ ಗಿಡ ಒಂದು ಸತ್ತಿತ್ತು, ಆ ಗುಂಡಿಯಲ್ಲಿ ಮಾವ ಬರೀ ಕಾಡುಗುಲಾಬಿ ಕಡ್ಡಿ ನೆಟ್ಟಿದ್ದಾರೆ. ಕಸಿ ಇಲ್ಲ, ಏನಿಲ್ಲ. ಅಷ್ಟು ಒಳ್ಳೇ ಜಾಗ. "ಇದ್ಯಾಕೆ ಮಾವ ಇಲ್ಲಿ?" ಎಂದೆ. "ಇರಲಿ ಬಿಡು," ಅಂದರು. ವಯಸ್ಸಾಯಿತು ಅನ್ನಿಸಿತು.

ಆಗಸ್ಟ್ 3

ಕಾಯಿ ಕೆಂಪಾಗಿತ್ತು. ಕುಯ್ದೆ. ಒಳಗೆ ಹದಿನಾಲ್ಕು ಬೀಜ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಸೊಪ್ಪಿನ ಪಕ್ಕ ಇಟ್ಟೆ. ಚಳಿ ತಾಕದಿದ್ದರೆ ಮೊಳೆಯುವುದಿಲ್ಲವಂತೆ. ಅತ್ತೆ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ತಿನ್ನಬೇಡಿ" ಎಂದು ಬರೆದರು. ಅದು ಮಗನಿಗೆ. ಅವರ ಮಗನನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು.

ಅಕ್ಟೋಬರ್ 9

ಬಿತ್ತಿದೆ. ಒಳ್ಳೇ ಕುಂಡಗಳೆಲ್ಲ ಚಳಿಗಾಲದ ಪೆಟೂನಿಯಾ, ಪ್ಯಾನ್ಸಿಗೆ ಹೋಗಿವೆ. ಹದಿಮೂರು ಸಿಕ್ಕವು, ಒಂದು ಕಡಿಮೆ. ಅತ್ತೆ ತಮ್ಮ ಖಜಾನೆಯಿಂದ — ಅಂದರೆ ಹಿತ್ತಿಲಿನ ಒಡಕು ಸಾಮಾನಿನ ಗುಡ್ಡೆಯಿಂದ — ತಳ ಬಿರಿದ ಒಂದನ್ನು ತಂದರು.

"ಇದರಲ್ಲಿ ನೀರೇ ನಿಲ್ಲಲ್ಲ ಅತ್ತೆ."

"ಬಿಸಾಕೋದು ಸುಲಭ ಕಣೇ. ಸುಮ್ನೆ ಹಾಕು."

ಹಾಕಿದೆ. ವಾದ ಮಾಡಲು ಪುರುಸೊತ್ತಿರಲಿಲ್ಲ.

ನವೆಂಬರ್ 6

ಒಂಬತ್ತು ಮೊಳೆತಿವೆ. ಒಂಬತ್ತು. ಒಂದೊಂದಕ್ಕೂ ಎರಡೆರಡು ಪುಟಾಣಿ ಎಲೆ. ಪೆಟೂನಿಯಾ ಕೊಳ್ಳಲು ಬಂದವರನ್ನೆಲ್ಲ ಕೈ ಹಿಡಿದು ಕೊನೇ ಬೆಂಚಿಗೆ ಕರೆದೊಯ್ದೆ. ಒಬ್ಬರು "ಮೆಣಸಿನ ಸಸಿನಾ?" ಎಂದರು. ಅವರಿಗೆ ಇವತ್ತು ಡಿಸ್ಕೌಂಟ್ ಇಲ್ಲ.

ಜಂಬ ಬಂದಿದೆ ನನಗೆ. ಬರಲಿ.

ನವೆಂಬರ್ 27

ಎಂಟು ಸತ್ತವು. ಬುಡ ಕಪ್ಪಾಗಿ, ಕೊಳೆತು, ಅಡ್ಡಬಿದ್ದಿವೆ. ಮಣ್ಣು ಹಿಂಡಿದರೆ ನೀರು. ನಾನು ಬೆಳಿಗ್ಗೆ ಒಂದೇ ಸಲ, ಅಳೆದು ಕೊಡುತ್ತಿದ್ದೆ. ಅಷ್ಟು ನೀರು ಎಲ್ಲಿಂದ ಬಂತು? ಎಲ್ಲರನ್ನೂ ಬೆಂಚಿನ ಮುಂದೆ ನಿಲ್ಲಿಸಿ ಕೇಳಿದೆ.

ಇವರು ಕತ್ತು ತುರಿಸಿಕೊಂಡರು. "ನೀನು ಗಿರಾಕಿ ಗಲಾಟೆಲಿ ಮರೀತೀಯೇನೋ ಅಂತ... ಮಧ್ಯಾಹ್ನ ಸ್ವಲ್ಪ ಹಾಕ್ತಿದ್ದೆ."

ಅತ್ತೆ, "ಅಯ್ಯೋ, ಸಂಜೆ ನಾನೂ ಹಾಕ್ತಿದ್ದೆನಲ್ಲೋ."

ಮಾವ ಆಕಾಶ ನೋಡುತ್ತಿದ್ದರು.

"ಮಾವ?"

"ಮಲಗೋ ಮುಂಚೆ. ಒಂದೇ ಒಂದು ಚೊಂಬು."

ಎರಡು ತಲೆಮಾರಿನಿಂದ ಗಿಡ ಸಾಕಿದ ಮನೆ. "ನೀರು ಜಾಸ್ತಿ ಹಾಕಬೇಡಿ" ಎಂದು ಗಿರಾಕಿಗಳಿಗೆ ದಿನಕ್ಕೆ ನೂರು ಸಲ ಹೇಳುವವರು. ನಾಲ್ಕು ಜನ ಸೇರಿ, ಪ್ರೀತಿಯಿಂದ, ಎಂಟನ್ನು ಮುಳುಗಿಸಿದೆವು. ಅತ್ತುಬಿಟ್ಟೆ. ಆಮೇಲೆ ನಗು ಬಂತು. ನಗುತ್ತಲೇ ಮತ್ತೆ ಅಳು.

ಉಳಿದದ್ದು ಒಂದು. ತಳ ಬಿರಿದ ಕುಂಡದ್ದು. ನಾಲ್ವರು ಹುಯ್ದ ನೀರೂ ಬಿರುಕಿನಿಂದ ಇಳಿದುಹೋಗಿತ್ತು. ನಮ್ಮತ್ತೆ ಇನ್ನು ಒಂದು ವರ್ಷ ಇದನ್ನೇ ಹೇಳುತ್ತಾರೆ. ಹೇಳಲಿ, ಹಕ್ಕಿದೆ.

ಡಿಸೆಂಬರ್ 4

ಈಗ ಯಾರೂ ನೀರು ಹಾಕುತ್ತಿಲ್ಲ! ನಾನು ಎರಡು ದಿನ ಜ್ವರದಲ್ಲಿ ಮಲಗಿದ್ದೆ, ಎದ್ದು ನೋಡಿದರೆ ಸಸಿ ಜೋತುಬಿದ್ದಿದೆ. ಹೆದರಿ ಮೂವರೂ ದೂರ ನಿಂತಿದ್ದರಂತೆ. ಕೊನೆಗೆ ಒಂದು ಏರ್ಪಾಡು. ನೀರು ಹಾಕಿದವರು ಬುಡದ ಹತ್ತಿರ ತಮ್ಮ ಕಲ್ಲು ಇಡಬೇಕು. ಕಲ್ಲು ಇದ್ದರೆ ಆ ದಿನ ಬೇರೆಯವರು ಮುಟ್ಟುವಂತಿಲ್ಲ. ಅತ್ತೆಯದು ಬಿಳಿ, ಇವರದು ಹೆಂಚಿನ ಚೂರು, ನನ್ನದು ಚಪ್ಪಟೆಯದು. ಮಾವ ನುಣ್ಣನೆಯ ಕರೀ ಕಲ್ಲು ಹುಡುಕಿ ತಂದು ಜೇಬಿಗಿಟ್ಟುಕೊಂಡರು.

ಜನವರಿ 30

ಮೊಗ್ಗು. ಜೋಳದ ಕಾಳಿನಷ್ಟು. ಬರೆಯಲು ಬೇರೇನೂ ಇಲ್ಲ.

ಫೆಬ್ರವರಿ 17, ಬೆಳಿಗ್ಗೆ ಏಳು

ಅರಳಿತು. ಎಸಳಿನ ಹೊರಗೆ ಹಳದಿ, ಒಳಗೆ ಇಟ್ಟಿಗೆ ಕೆಂಪು. ಹೂ ಚಿಕ್ಕದು, ಎಸಳು ಕಡಿಮೆ, ಆದರೆ ಈ ಬಣ್ಣ ನಮ್ಮ ಇಡೀ ನರ್ಸರಿಯಲ್ಲಿ ಇಲ್ಲ. ನಾನು ನೋಡಿದ ಯಾವ ನರ್ಸರಿಯಲ್ಲೂ ಇಲ್ಲ. ಅತ್ತೆ ಕುಂಡದ ಬಿರುಕು ಸವರಿದರು. ಇವರು ಫೋಟೋ ತೆಗೆದೂ ತೆಗೆದೂ ಫೋನು ತುಂಬಿಸಿದರು. ನಾನು ಮಾಡಿದ್ದು. ನನ್ನ ಕೈ.

ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಎಲೆ ತಿರುವಿ ನೋಡಿದರು. ಮುಳ್ಳು ಮುಟ್ಟಿದರು. ಏನೂ ಹೇಳದೆ ಹೋದರು.

ಒಂದು ಮಾತು. ಒಂದೇ ಒಂದು ಮಾತು ಆಡಬಹುದಿತ್ತು.

ಫೆಬ್ರವರಿ 20

ಇನ್ನೂ ಏನೂ ಅಂದಿಲ್ಲ. ಬೆಂಚಿನ ವಿಷಯವೂ ಇಲ್ಲ. ನಾನೂ ಕೇಳುವುದಿಲ್ಲ. ಹಠ ಅವರೊಬ್ಬರ ಸ್ವತ್ತಲ್ಲ.

ಫೆಬ್ರವರಿ 24

ಇವತ್ತು ಎಸಳು ಉದುರಿದವು. ಎತ್ತಿಟ್ಟುಕೊಂಡೆ. ಬೇಜಾರಿನಲ್ಲೇ ತಾಯಿ ಸಾಲಿಗೆ ಪೈಪು ಎಳೆದುಕೊಂಡು ಹೋದೆ. ಆ ಕಾಡುಗುಲಾಬಿ ಈಗ ಪೆನ್ಸಿಲ್ ದಪ್ಪ ಆಗಿದೆ. ಬುಡದ ಮುಳ್ಳು ಸವರಿ, ಬಟ್ಟೆಯಲ್ಲಿ ಒರೆಸಿದ್ದಾರೆ. ಮಣ್ಣು ತೇವ. ಪಕ್ಕದಲ್ಲಿ ಕರೀ ಕಲ್ಲು.

ಕಸಿಗೆ ಮುಂಚೆ ನಾಲ್ಕು ದಿನ ಹೀಗೆ ನೀರು ಕೊಡುತ್ತಾರೆ, ಕಾಂಡದ ಸಿಪ್ಪೆ ಸಲೀಸಾಗಿ ಬಿಡಲೆಂದು.

ಮಾವ ಹಿಂದೆಯೇ ನಿಂತಿದ್ದರು. "ಮಳೆಗಾಲದಲ್ಲೇ ನೆಟ್ಟೆ. ನಿನ್ನ ಕಾಯಿ ನಿಂತಿತ್ತಲ್ಲ. ಬೇರು ಗಟ್ಟಿ ಆಗೋಕೆ ಟೈಮ್ ಬೇಕು."

"ಹೂ ಚೆನ್ನಾಗಿ ಬರುತ್ತೆ ಅಂತ ಆಗಲೇ ಗೊತ್ತಿತ್ತಾ ನಿಮಗೆ?"

"ಹೂ ಗೊತ್ತಿರಲಿಲ್ಲ. ನೀನು ಗೊತ್ತಿದ್ದೆ."

ನಾನು ಪೈಪು ಹಿಡಿದುಕೊಂಡೇ ನಿಂತೆ. ನನ್ನ ಕಾಲಿನ ಮೇಲೇ ನೀರು ಸುರಿಯುತ್ತಿತ್ತು. ಯಾರ ಗಿಡವನ್ನೂ ಕೇಳಿ ಕುಯ್ದವರಲ್ಲ ಮಾವ.

"ಒಂದು ಕಣ್ಣು ಕೊಡ್ತೀಯೇನಮ್ಮ?"

ಓಡಿ ಒಳಗೆ ಬಂದಿದ್ದೇನೆ. ಮುಖ ತೊಳೆಯಲು ಎಂದು ಹೇಳಿ. ಹೊರಗೆ ಚಾಕು ಮಸೆಯುವ ಸದ್ದು. ಅತ್ತೆ, ಇವರು, ಎಲ್ಲ ಸೇರಿದ್ದಾರೆ, ಕರೆಯುತ್ತಿದ್ದಾರೆ. ಯಾವ ಕಣ್ಣು ಎಂದು ಆರಿಸುವುದು ನಾನೇ ಅಂತೆ. ಮೇಲಿನಿಂದ ಮೂರನೆಯದು ಚೆನ್ನಾಗಿ ಉಬ್ಬಿದೆ, ಅದನ್ನೇ —